ಚಾರ್ಮಾಡಿಯ ಎಡತಿರುವು: ಬೈಕು ಬಿದ್ದದ್ದೆಲ್ಲಿ, ಕೈ ತಪ್ಪಿದ್ದೆಲ್ಲಿ

ಪ್ರಕರಣ ಇಷ್ಟು. ಅಕ್ಟೋಬರ್ ಕೊನೆ, ಮಳೆ ಬಿಟ್ಟು ಬಿಸಿಲು ಬಿದ್ದಿದ್ದ ಒಂದು ಶನಿವಾರ. ಅರಸೀಕೆರೆ ಕಡೆಯ ನಾಲ್ವರು ಗೆಳೆಯರು ನಾಲ್ಕು ಬೈಕುಗಳಲ್ಲಿ ಧರ್ಮಸ್ಥಳಕ್ಕೆ ಹೊರಟರು. ಬೇಲೂರು, ಮೂಡಿಗೆರೆ ದಾಟಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯತೊಡಗಿದರು. ಸುಮಾರು ಅರ್ಧ ಇಳಿದಿದ್ದಾಗ, ಎಡಕ್ಕೆ ಹೊರಳುವ ಒಂದು ತಿರುವಿನಲ್ಲಿ ಮೂರನೆಯ ಬೈಕು ನಡುಗೆರೆ ದಾಟಿ ಬಲಕ್ಕೆ ಹೋಯಿತು. ಎದುರಿಗೆ ಬಸ್ಸು ಏರಿ ಬರುತ್ತಿತ್ತು. ಸವಾರರು ಬ್ರೇಕ್ ತುಳಿದರು, ಹಿಂದಿನ ಚಕ್ರ ಲಾಕ್ ಆಯಿತು, ಬೈಕು ಎಡಕ್ಕೆ ಮಲಗಿ ಜಾರುತ್ತಾ ಹೋಗಿ ಬಸ್ಸಿನ ಬಂಪರಿನಿಂದ ಒಂದು ಮಾರು ದೂರದಲ್ಲಿ ನಿಂತಿತು. ಬಸ್ಸಿನ ಡ್ರೈವರ್ ಅಷ್ಟರಲ್ಲಾಗಲೇ ಗಾಡಿ ನಿಲ್ಲಿಸಿಬಿಟ್ಟಿದ್ದರಿಂದ ಮಿಕ್ಕದ್ದು ನಡೆಯಲಿಲ್ಲ. ಎಡಗಡೆಯ ಕಾಲರ್ ಬೋನ್ ಮುರಿಯಿತು, ಅಂಗೈ, ಮೊಣಕೈ ಸುಲಿಯಿತು, ಹೆಲ್ಮೆಟ್ಟಿನ ಗಲ್ಲದ ಭಾಗ ಉಜ್ಜಿ ಒಳಗಿನ ಬಿಳಿ ಕಂಡಿತು. ತಲೆಗೆ ಏನೂ ಆಗಲಿಲ್ಲ. ಫುಲ್‌ಫೇಸ್ ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದಿದ್ದರು ಎಂಬುದನ್ನು ಇಲ್ಲೇ ಹೇಳಿ ಮುಂದೆ ಹೋಗುತ್ತೇನೆ, ಆ ವಿಷಯದಲ್ಲಿ ಚರ್ಚೆಗೆ ಜಾಗವಿಲ್ಲ.

ನಾನು ವಾರಾಂತ್ಯಗಳಲ್ಲಿ ಬೈಕ್ ಸವಾರರಿಗೆ ತರಬೇತಿ ಕೊಡುವವನು. ಮೂಳೆ ಕೂಡಿದ ಮೇಲೆ ಈ ಸವಾರರು ನನ್ನಲ್ಲಿಗೆ ಬಂದರು. ಪಶುಪಾಲನಾ ಇಲಾಖೆಯ ನೌಕರರು, ವಯಸ್ಸು ನಲವತ್ತು ದಾಟಿದೆ, ಹಳ್ಳಿಗಳಲ್ಲಿ ಎಲ್ಲರೂ ‘ಡಾಕ್ಟ್ರೇ’ ಅಂತಲೇ ಕರೆಯುವುದು, ನಾನೂ ಹಾಗೇ ಕರೆದೆ. ಅವರ ಹಿಂದೆ ಬರುತ್ತಿದ್ದ ನಾಲ್ಕನೆಯ ಗೆಳೆಯರ ಹೆಲ್ಮೆಟ್ಟಿನಲ್ಲಿ ಕ್ಯಾಮೆರಾ ಇತ್ತು. ಆ ವಿಡಿಯೊ ಇರದಿದ್ದರೆ ಇದನ್ನು ಬರೆಯುವ ಹಾಗೇ ಇರಲಿಲ್ಲ, ಯಾಕೆಂದರೆ ಬಿದ್ದವರಿಗೆ ಬಿದ್ದದ್ದು ನೆನಪಿರುತ್ತದೆಯೇ ಹೊರತು ಅದಕ್ಕೆ ಮೊದಲಿನ ಎಂಟು ಸೆಕೆಂಡು ನೆನಪಿರುವುದಿಲ್ಲ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು, ಬೇಡ.

ನೋಡಲು ಬಂದವರ ತೀರ್ಪು

ಮನೆಗೆ ನೋಡಲು ಬಂದವರೆಲ್ಲ ಒಂದೊಂದು ಕಾರಣ ಕೊಟ್ಟು ಹೋಗಿದ್ದರು. ಟಯರ್ ಸರಿಯಿಲ್ಲ. ಬಸ್ಸಿನವರು ಮೈಮೇಲೆ ಬಂದಂಗೆ ಬರ್ತಾರೆ. ಮರದ ಕೆಳಗೆ ಎಲೆ ಕೊಳೆತು ಜಾರುತ್ತೆ. ದೊಡ್ಡ ಗಾಡಿ ತಗೋಬೇಡಿ ಅಂದಿದ್ವಲ್ಲ. ಕೊನೆಗೆ, ಗ್ರಹಚಾರ.

ಟಯರ್ ನಾನೇ ನೋಡಿದೆ. ಹೊಸದೇ ಇತ್ತು, ಗಾಳಿಯೂ ಸರಿಯಿತ್ತು ಎಂದು ಹಿಂದಿನ ದಿನ ಹಾಕಿಸಿದವರೇ ಹೇಳಿದರು. ಬಸ್ಸಿನ ವಿಷಯಕ್ಕೆ ಬಂದರೆ, ಅದು ಇಡೀ ವಿಡಿಯೊದಲ್ಲಿ ತನ್ನ ಕಡೆಯೇ ಇದೆ. ಉದ್ದನೆಯ ಗಾಡಿ ಘಾಟಿಯ ತಿರುವು ಹತ್ತುವಾಗ ಮೊದಲು ಹೊರಕ್ಕೆ ಹೋಗಿ ಆಮೇಲೆ ಒಳಕ್ಕೆ ಹೊರಳುತ್ತದೆ, ಅದರ ಹಿಂದಿನ ಚಕ್ರ ಮುಂದಿನ ಚಕ್ರದ ಹಾದಿಗಿಂತ ಒಳಗೆ ಕತ್ತರಿಸಿಕೊಂಡು ಬರುತ್ತದೆ. ಹಾಗಾಗಿ ನಡುಗೆರೆಯ ಹತ್ತಿರ ಇರುವ ಬೈಕಿನವನಿಗೆ ಬಸ್ಸು ಮೈಮೇಲೆ ಬಂದಂತೆ ಅನಿಸುವುದು ಸಹಜ. ಅದಲ್ಲದೆ, ಇಕ್ಕಟ್ಟಾದ ಕಡಿದಾದ ರಸ್ತೆಯಲ್ಲಿ ಏರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕೆಂಬುದು ನಮ್ಮ ರಸ್ತೆ ನಿಯಮದಲ್ಲೇ ಇದೆ. ಇನ್ನು ಎಲೆ. ತಿರುವಿನಲ್ಲಿ ನೆರಳಿತ್ತು, ತೇವವೂ ಇತ್ತು. ಆದರೆ ಚಕ್ರ ಉಜ್ಜಿದ ಗುರುತು ಶುರುವಾಗುವುದು ಬೈಕು ನಡುಗೆರೆ ದಾಟಿದ ನಂತರ, ಒಣಗಿದ ಟಾರಿನ ಮೇಲೆ. ಜಾರಿದ್ದಕ್ಕೆ ಬೈಕು ಬಲಕ್ಕೆ ಹೋದದ್ದಲ್ಲ, ಬಲಕ್ಕೆ ಹೋದದ್ದಕ್ಕೆ ಜಾರಿದ್ದು.

ದೊಡ್ಡ ಗಾಡಿ ಎಂಬ ಮಾತಿನಲ್ಲಿ ಸ್ವಲ್ಪ ನಿಜವಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಹಿಂದಕ್ಕೆ ಎಣಿಸಿದಾಗ

ಬೈಕು ನೆಲಕ್ಕೆ ಮುಟ್ಟಿದ ಕ್ಷಣವನ್ನು ಸೊನ್ನೆ ಅಂತ ಇಟ್ಟುಕೊಂಡು ವಿಡಿಯೊವನ್ನು ಹಿಂದಕ್ಕೆ ಎಣಿಸಿದೆವು. ಡಾಕ್ಟ್ರು ಪಕ್ಕದಲ್ಲೇ ಕೂತಿದ್ದರು.

ಎಂಟು ಸೆಕೆಂಡು ಮೊದಲು: ಎರಡನೆಯ ಬೈಕು ತಿರುವಿನೊಳಗೆ ಮರೆಯಾಗುತ್ತದೆ. ಮರೆಯಾಗುವ ಮುನ್ನ ಅದರ ಬ್ರೇಕ್ ಲೈಟು ಹತ್ತಿ ಆರುತ್ತದೆ. ಡಾಕ್ಟ್ರ ಬ್ರೇಕ್ ಲೈಟು ಹತ್ತುವುದಿಲ್ಲ. ಕ್ಯಾಮೆರಾ ಇದ್ದ ಬೈಕಿನ ಮೀಟರು ಮೂಲೆಯಲ್ಲಿ ಕಾಣುತ್ತದೆ, ಮುಳ್ಳು 55ರ ಆಸುಪಾಸಿನಲ್ಲಿದೆ. ಇಬ್ಬರ ನಡುವಿನ ಅಂತರ ಹೆಚ್ಚೂ ಆಗುತ್ತಿಲ್ಲ, ಕಡಿಮೆಯೂ ಆಗುತ್ತಿಲ್ಲ. ಅಂದರೆ ಡಾಕ್ಟ್ರದ್ದೂ ಅದೇ ವೇಗ.

‘ಯಾವ ಗೇರಲ್ಲಿ ಇದ್ರಿ?’ ಅಂತ ಕೇಳಿದೆ. ಸ್ವಲ್ಪ ಸುಮ್ಮನಿದ್ದು, ‘ನ್ಯೂಟ್ರಲ್ಲಲ್ಲಿ ಸಾರ್. ಇಳಿಜಾರಲ್ವಾ, ತಾನೇ ಹೋಗುತ್ತೆ, ಪೆಟ್ರೋಲ್ ಯಾಕೆ ಸುಡೋದು ಅಂತ’ ಅಂದರು. ನಮ್ಮ ಕಡೆ ಇದು ಹೊಸದೇನಲ್ಲ. ಘಾಟಿ ಇಳಿಯುವಾಗ ಇಂಜಿನ್ನನ್ನೇ ಬಂದ್ ಮಾಡಿಕೊಂಡು ಇಳಿಯುವವರನ್ನು ನಾನು ನೋಡಿದ್ದೇನೆ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ನ್ಯೂಟ್ರಲ್ಲಿಗೆ ಹಾಕಿದರೆ ಆ ಹಿಡಿತ ಹೋಯಿತು. ಮಿಕ್ಕದ್ದೆಲ್ಲ ಬ್ರೇಕಿನ ತಲೆಯ ಮೇಲೆ. ಇಂಧನ ಇಂಜೆಕ್ಷನ್ ಇರುವ ಈಗಿನ ಬೈಕುಗಳಲ್ಲಂತೂ ಗೇರಿನಲ್ಲೇ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿದರೆ ಪೆಟ್ರೋಲು ಹರಿಯುವುದೇ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲಿ ಇಂಜಿನ್ ಓಡುತ್ತಿರಲಿಕ್ಕೆ ಪೆಟ್ರೋಲು ಬೇಕು. ಉಳಿತಾಯದ ಲೆಕ್ಕವೂ ಕೈಗೆ ಹತ್ತುವುದಿಲ್ಲ.

ನಾಲ್ಕು ಸೆಕೆಂಡು ಮೊದಲು: ಹಳದಿ ಕಪ್ಪು ಬಾಣದ ಫಲಕ ದಾಟುತ್ತದೆ. ಎಡಕ್ಕೆ ದರೆ, ಅದರಿಂದ ಇಳಿಬಿದ್ದ ಪೊದೆ. ಮುಂದಿನ ರಸ್ತೆ ಅಲ್ಲಿಗೇ ಕಡಿದುಹೋದಂತೆ ಕಾಣುತ್ತದೆ. ಆಮೇಲೆ ಆ ಜಾಗಕ್ಕೆ ಹೋಗಿ ಹೆಜ್ಜೆ ಹಾಕಿ ಅಳೆದೆವು. ಅಲ್ಲಿಂದ ಕಾಣುವ ರಸ್ತೆ ಹೆಚ್ಚೆಂದರೆ 25 ಮೀಟರ್.

ಮೂರು ಸೆಕೆಂಡು ಮೊದಲು: ಬೈಕು ಎಡ ಅಂಚಿಗೆ ಅಂಟಿಕೊಂಡೇ ತಿರುಗಲು ಶುರು ಮಾಡುತ್ತದೆ. ‘ಎಡಕ್ಕೆ ಸರಿದುಕೊಂಡೇ ಹೋಗು’ ಎಂದು ಕಲಿತವರೆಲ್ಲ ಹೀಗೆಯೇ ಮಾಡುವುದು. ಎಡತಿರುವಿನಲ್ಲಿ ಎಡ ಅಂಚು ಅಂದರೆ ಅತಿ ಕಡಿಮೆ ಕಾಣುವ ಜಾಗ. ಜೊತೆಗೆ, ಒಳ ಅಂಚನ್ನು ಬೇಗನೆ ಮುಟ್ಟಿಬಿಟ್ಟರೆ ತಿರುವಿನ ಎರಡನೆಯ ಅರ್ಧದಲ್ಲಿ ಬೈಕು ಹೊರಕ್ಕೆ ಹೋಗದೆ ವಿಧಿಯಿಲ್ಲ.

ಎರಡು ಸೆಕೆಂಡು: ಬಸ್ಸಿನ ಮೂತಿ ಕಾಣುತ್ತದೆ. ಇಲ್ಲಿ ವಿಡಿಯೊ ನಿಲ್ಲಿಸಿ ಡಾಕ್ಟ್ರಿಗೆ ತೋರಿಸಿದೆ. ಅವರ ಹೆಲ್ಮೆಟ್ ಬಸ್ಸಿನ ಕಡೆಗೆ ತಿರುಗುತ್ತದೆ, ಆಮೇಲೆ ಕೊನೆಯವರೆಗೂ ಅಲ್ಲಿಂದ ಕದಲುವುದಿಲ್ಲ. ಎಡಕ್ಕೆ ಬೈಕು ಹೋಗುವಷ್ಟು ರಸ್ತೆ ಖಾಲಿ ಬಿದ್ದಿದೆ, ಅದರ ಕಡೆ ಒಂದು ಸಲವೂ ನೋಡಿಲ್ಲ. ಕಣ್ಣು ಎಲ್ಲಿ ನೆಟ್ಟಿತೋ ಬೈಕು ಅಲ್ಲಿಗೆ ಹೋಗುತ್ತದೆ. ಭಯವಾದಾಗ ಕಣ್ಣು ನೆಡುವುದು ಭಯಪಡಿಸಿದ್ದರ ಮೇಲೆಯೇ.

ಒಂದೂವರೆ ಸೆಕೆಂಡು: ಕೊನೆಗೂ ಬ್ರೇಕ್ ಲೈಟು ಹತ್ತುತ್ತದೆ. ಹಿಂದಿನ ಬ್ರೇಕ್ ಮಾತ್ರ.

ವಿಡಿಯೊ ಮುಗಿದ ಮೇಲೆ ಡಾಕ್ಟ್ರು ಕೇಳಿದ್ದು: ‘ಹಂಗಾದ್ರೆ ಬ್ರೇಕ್ ತಪ್ಪಾಗಿ ಹಿಡಿದದ್ದೇ ಕಾರಣವಾ?’ ಅಲ್ಲ. ಬ್ರೇಕು ಕೊನೆಯ ಕಾರಣ. ಈ ಅಪಘಾತ ತೀರ್ಮಾನವಾದದ್ದು ನಾಲ್ಕು ಸೆಕೆಂಡು ಮೊದಲು, ಬಾಣದ ಫಲಕದ ಹತ್ತಿರ.

ಲೆಕ್ಕ

ಗಂಟೆಗೆ 55 ಕಿ.ಮೀ. ಅಂದರೆ ಸೆಕೆಂಡಿಗೆ 15 ಮೀಟರಿಗೂ ಸ್ವಲ್ಪ ಹೆಚ್ಚು. ಅಪಾಯ ಕಂಡು, ಅದು ಅಪಾಯವೆಂದು ತಲೆಗೆ ಹೋಗಿ, ಕೈಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡು ಅಂತ ಹಿಡಿದರೆ ಸುಮಾರು 23 ಮೀಟರ್ ಹೋಯಿತು. ಇಳಿಜಾರಿನಲ್ಲಿ ಎರಡೂ ಬ್ರೇಕ್ ಚೆನ್ನಾಗಿ ಹಿಡಿದರೂ ನಿಲ್ಲಲು ಇನ್ನೊಂದು 20 ಮೀಟರ್ ಬೇಕು. ಒಟ್ಟು 43. ಕಾಣುತ್ತಿದ್ದದ್ದು 25. ಬಸ್ಸು ಬಂದರೂ, ಬರದಿದ್ದರೂ, ಮಲಗಿದ ದನವೋ, ಕುಸಿದ ಮಣ್ಣೋ ಇದ್ದಿದ್ದರೂ ಅವರು ನಿಲ್ಲಿಸುವ ಹಾಗಿರಲಿಲ್ಲ. ಅದೇ ತಿರುವಿಗೆ 35ರಲ್ಲಿ ಹೋಗಿದ್ದರೆ? ಯೋಚನೆಗೆ 15 ಮೀಟರಿಗಿಂತ ಸ್ವಲ್ಪ ಕಡಿಮೆ, ಬ್ರೇಕಿಗೆ 8, ಒಟ್ಟು 23 ಮೀಟರೊಳಗೆ. ಕಂಡಷ್ಟರಲ್ಲಿ ನಿಲ್ಲುತ್ತದೆ.

ಇನ್ನೊಂದು ಲೆಕ್ಕ ವಾಲುವಿಕೆಯದ್ದು. 30 ಮೀಟರ್ ತ್ರಿಜ್ಯದ ತಿರುವಿನಲ್ಲಿ 40ರ ವೇಗಕ್ಕೆ ಬೈಕು ಸುಮಾರು 23 ಡಿಗ್ರಿ ವಾಲಬೇಕು. 50ಕ್ಕೆ 33 ಡಿಗ್ರಿ. 60ಕ್ಕೆ 43. ಹತ್ತು ಹತ್ತು ಕಿಲೋಮೀಟರಿಗೆ ಹತ್ತು ಹತ್ತು ಡಿಗ್ರಿ ಏರುತ್ತದೆ. ಈ ಲೆಕ್ಕದಲ್ಲಿ ಬೈಕಿನ ತೂಕ ಬರುವುದೇ ಇಲ್ಲ ಎಂಬುದು ಹಲವರಿಗೆ ಆಶ್ಚರ್ಯ, ಆದರೆ ಅದು ಹಾಗೇ. ಡಾಕ್ಟ್ರ ಬೈಕು 33 ಡಿಗ್ರಿ ತಡೆಯುತ್ತಿತ್ತು. ತಡೆಯದಿದ್ದವರು ಡಾಕ್ಟ್ರು. ಬಯಲುಸೀಮೆಯ ನೇರ ರಸ್ತೆಗಳಲ್ಲಿ ಓಡಾಡಿದವರು, ಇಪ್ಪತ್ತು ಡಿಗ್ರಿ ದಾಟಿ ಯಾವತ್ತೂ ವಾಲಿದವರಲ್ಲ. ಬೈಕಿನ ಮಿತಿಗೆ ಬಹಳ ಮೊದಲೇ ಸವಾರನ ಮಿತಿ ಬಂದು ನಿಲ್ಲುತ್ತದೆ. ಇನ್ನೂ ವಾಲಿಸಬೇಕಾದ ಜಾಗದಲ್ಲಿ ಮೈ ಸೆಟೆದು, ಬೈಕು ನೆಟ್ಟಗಾಗಿ, ಹೊರಕ್ಕೆ ಹೋಗುತ್ತದೆ. ಘಾಟಿಗಳಲ್ಲಿ ಯಾರನ್ನೂ ಗುದ್ದದೆ ತಾನೇ ಕಂದಕಕ್ಕೆ ಹೋದ ಬೈಕುಗಳ ಹಿಂದಿನ ಕಥೆಯೂ ಬಹುಮಟ್ಟಿಗೆ ಇದೇ ಎಂಬುದು ನನ್ನ ಅನಿಸಿಕೆ.

ಅಷ್ಟು ವರ್ಷದ ಅನುಭವ ಎಲ್ಲಿ ಹೋಯಿತು?

ಡಾಕ್ಟ್ರು ನೌಕರಿಗೆ ಸೇರಿದಂದಿನಿಂದ ನೂರು ಸಿಸಿ ಬೈಕಿನಲ್ಲಿ ಹಳ್ಳಿ ಹಳ್ಳಿ ಸುತ್ತಿದವರು. ರಾತ್ರಿ ಹಸು ಕರು ಹಾಕಲಾರದೆ ಒದ್ದಾಡುತ್ತಿದೆ ಅಂತ ಫೋನ್ ಬಂದರೆ ಜಲ್ಲಿ ರಸ್ತೆಯಲ್ಲಿ, ಮಳೆಯಲ್ಲಿ, ಹೆಡ್‌ಲೈಟು ಮಿಣುಕುತ್ತಿದ್ದರೂ ಹೋಗಿ ಬಂದವರು. ಅವರಿಗೆ ಓಡಿಸಲು ಬರುವುದಿಲ್ಲ ಅಂತ ಹೇಳುವವನು ಮೂರ್ಖ. ಆದರೆ ಆ ಅನುಭವ ಕೈಗೆ ಕಲಿಸಿದ್ದು ಏನು? 40ರ ವೇಗ, ಡ್ರಮ್ ಬ್ರೇಕು, ಹಿಂದಿನ ಬ್ರೇಕನ್ನೇ ನೆಚ್ಚುವುದು.

‘ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತೀಯ’ ಎಂದು ಅವರ ಅಣ್ಣ ಕಲಿಸಿದ್ದರಂತೆ. ನಮ್ಮಲ್ಲಿ ಬಹುಪಾಲು ಜನ ಬೈಕ್ ಕಲಿಯುವುದು ಅಣ್ಣನಿಂದಲೋ ಮಾವನಿಂದಲೋ, ಎಲ್ಲರಿಗೂ ಈ ಬುದ್ಧಿಮಾತು ಸಿಕ್ಕಿರುತ್ತದೆ. ಅದನ್ನು ನಾನು ಪೂರ್ತಿ ಹೀಗಳೆಯುವುದಿಲ್ಲ. ಮರಳು ಬಿದ್ದ ಹಳ್ಳಿರಸ್ತೆಯಲ್ಲಿ ಹ್ಯಾಂಡಲ್ ತಿರುಗಿಸಿಕೊಂಡಿರುವಾಗ ಮುಂದಿನ ಬ್ರೇಕ್ ಅದುಮಿದರೆ ಬೀಳುವುದು ಖಂಡಿತ. ಆ ರಸ್ತೆಗೆ, ಆ ವೇಗಕ್ಕೆ ಅದು ಸರಿ. ಆದರೆ ಟಾರಿನ ಮೇಲೆ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬರುತ್ತದೆ, ಹಿಂದಿನದು ಹಗುರವಾಗುತ್ತದೆ. ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಹಗುರವಾದ ಚಕ್ರಕ್ಕೆ ಬ್ರೇಕ್ ತುಳಿದರೆ ಅದು ಸುತ್ತುವುದನ್ನು ಬಿಟ್ಟು ಜಾರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ.

‘ನನ್ ಗಾಡೀಲಿ ಎಬಿಎಸ್ ಇದೆಯಲ್ಲ ಸಾರ್, ಆದ್ರೂ ಹೆಂಗೆ ಲಾಕ್ ಆಯ್ತು?’ ಎಬಿಎಸ್ ಅಂದರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಹಾಗಾಗಿ ಇದು ಅವರ ನ್ಯಾಯವಾದ ಪ್ರಶ್ನೆ. 2019ರ ಏಪ್ರಿಲ್ 1ರಿಂದ 125 ಸಿಸಿ ಮೀರಿದ ಎಲ್ಲ ಹೊಸ ಬೈಕುಗಳಿಗೂ ಎಬಿಎಸ್ ಕಡ್ಡಾಯವಾಗಿದೆ, 125ರವರೆಗಿನವಕ್ಕೆ ಆಗ ಎರಡು ಬ್ರೇಕೂ ಒಟ್ಟಿಗೆ ಹಿಡಿಯುವ ಸಿಬಿಎಸ್ ಸಾಕಿತ್ತು. ಆದರೆ ಆ ಎಬಿಎಸ್ ಒಂದೇ ಚಕ್ರಕ್ಕೆ ಇದ್ದರೂ ನಡೆಯಿತು. ಡಾಕ್ಟ್ರು ಕೊಂಡದ್ದು ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕ 350 ಸಿಸಿ ಬೈಕು, ಅದರಲ್ಲಿದ್ದದ್ದು ಸಿಂಗಲ್ ಚಾನೆಲ್, ಮುಂದಿನ ಚಕ್ರಕ್ಕೆ ಮಾತ್ರ. ಅವರು ಮುಟ್ಟದೇ ಬಿಟ್ಟದ್ದು ಎಬಿಎಸ್ ಇದ್ದ ಬ್ರೇಕನ್ನೇ. ಕೊಳ್ಳುವಾಗ ಮಾರಿದವರು ‘ಎಬಿಎಸ್ ಇದೆ’ ಅಂದಿದ್ದರು, ಎಷ್ಟು ಚಕ್ರಕ್ಕೆ ಎಂದು ಇವರೂ ಕೇಳಿರಲಿಲ್ಲ. ದೊಡ್ಡ ಗಾಡಿಯ ಬಗ್ಗೆ ನೋಡಲು ಬಂದವರು ಹೇಳಿದ್ದರಲ್ಲಿ ನಿಜವಿದ್ದದ್ದು ಇಷ್ಟು: ಗಾಡಿ ಬದಲಾಯಿತು, ಕೈಕಾಲಿನ ಅಭ್ಯಾಸ ಬದಲಾಗಲಿಲ್ಲ.

ಡ್ರೈವಿಂಗ್ ಲೈಸೆನ್ಸಿನ ಪರೀಕ್ಷೆಯಾದರೂ ಇದನ್ನು ಹಿಡಿಯಬೇಕಿತ್ತು. ಆರ್‌ಟಿಒ ಮೈದಾನದಲ್ಲಿ ಕಾಲು ಕೆಳಗಿಡದೆ ‘ಎಂಟು’ ಹಾಕಿಸುತ್ತಾರೆ. ನಿಧಾನವಾಗಿ ಸಮತೋಲ ಕಾಯುವುದಕ್ಕೆ ಅದು ಒಳ್ಳೆಯ ಪರೀಕ್ಷೆಯೇ. ಆದರೆ ಮೊದಲ ಗೇರು ದಾಟುವುದಿಲ್ಲ. ಬ್ರಿಟನ್ನಿನಲ್ಲಿ ಬೈಕ್ ಲೈಸೆನ್ಸಿನ ಪ್ರಾಯೋಗಿಕ ಪರೀಕ್ಷೆಯ ಮೊದಲ ಭಾಗದಲ್ಲೇ ಗಂಟೆಗೆ 50 ಕಿ.ಮೀ. ವೇಗದಿಂದ ತುರ್ತು ಬ್ರೇಕ್ ಹಿಡಿದು ನಿಲ್ಲಿಸಿ ತೋರಿಸಬೇಕು, ಅದೇ ವೇಗದಲ್ಲಿ ಅಡ್ಡ ಬಂದದ್ದನ್ನು ತಪ್ಪಿಸಿ ತೋರಿಸಬೇಕು. ನಮ್ಮಲ್ಲಿ ಆ ಪರೀಕ್ಷೆಯನ್ನು ಬಸ್ಸಿನ ಮುಂದೆಯೇ ಕೊಡಬೇಕು.

ಇದು ನಮ್ಮೊಬ್ಬರ ಕಥೆಯಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ತಂಡದವರು ಲಾಸ್ ಏಂಜಲೀಸ್ ಸುತ್ತಮುತ್ತ 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟರು. ಅಪಘಾತಕ್ಕೆ ಸಿಕ್ಕವರಲ್ಲಿ ನೂರಕ್ಕೆ 92 ಮಂದಿ ತಾವಾಗಿಯೋ, ಮನೆಯವರಿಂದಲೋ, ಗೆಳೆಯರಿಂದಲೋ ಕಲಿತವರು. ಬಹುಪಾಲು ಮಂದಿ ಹಿಂದಿನ ಬ್ರೇಕ್ ಅತಿಯಾಗಿ ತುಳಿದು ಜಾರಿಸಿದ್ದರು, ಮುಂದಿನದನ್ನು ಸಾಲದಷ್ಟು ಹಿಡಿದಿದ್ದರು. ತಪ್ಪಿಸಿಕೊಳ್ಳಲು ಸಾಮಾನ್ಯವಾಗಿ ಸಿಕ್ಕ ಸಮಯ ಎರಡು ಸೆಕೆಂಡಿಗಿಂತ ಕಡಿಮೆ. ಡಾಕ್ಟ್ರ ವಿಡಿಯೊದಲ್ಲೂ ಬಸ್ಸು ಕಂಡದ್ದು ಎರಡು ಸೆಕೆಂಡು ಮೊದಲು ಎಂಬುದನ್ನು ಗಮನಿಸಿ.

ಖಾಲಿ ಲೇಔಟಿನಲ್ಲಿ

ಮುಂದುವರಿದ ತರಬೇತಿ ಅಂದರೆ ಮೊಣಕಾಲು ನೆಲಕ್ಕೆ ಉಜ್ಜುವುದು ಎಂಬ ಕಲ್ಪನೆ ಡಾಕ್ಟ್ರಿಗೂ ಇತ್ತು. ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈನ ರೇಸ್ ಟ್ರ್ಯಾಕಿಗೆ ಹೋಗಬೇಕಾ ಅಂತ ಕೇಳಿದರು. ಟ್ರ್ಯಾಕ್ ತರಬೇತಿಯನ್ನು ನಾನು ಕಡೆಗಣಿಸುವುದಿಲ್ಲ. ಎದುರಿನಿಂದ ಏನೂ ಬರದ ಜಾಗದಲ್ಲಿ ಬೈಕನ್ನು ವಾಲಿಸಿ ಕಲಿಯಲು ಅದಕ್ಕಿಂತ ಒಳ್ಳೆಯದಿಲ್ಲ. ಹಾಗೆಯೇ ಮಣ್ಣು, ಜಲ್ಲಿಯ ಮೇಲೆ ಗಾಡಿ ಹಿಡಿತಕ್ಕೆ ತಂದುಕೊಳ್ಳಬೇಕೆಂದರೆ, ಡಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಕೋಲಾರದ ಕಡೆ ಕಟ್ಟಿದ ಡರ್ಟ್‌ಪಾರ್ಕ್ ಇದೆ. ಆದರೆ ಡಾಕ್ಟ್ರು ಕಲಿಯಬೇಕಾದದ್ದು ತಿರುವಿನಲ್ಲಿ 50ಕ್ಕೆ ಹೋಗುವುದನ್ನಲ್ಲ, ಅದು 35ರ ತಿರುವು ಎಂದು ಫಲಕದ ಹತ್ತಿರವೇ ಗುರುತಿಸುವುದನ್ನು. ಟ್ರ್ಯಾಕಿನಲ್ಲಿ ಬಸ್ಸು ಬರುವುದಿಲ್ಲ.

ನಾವು ಹಿಡಿದದ್ದು ಹಾಸನದ ಹೊರಗಿನ, ಸೈಟು ಮಾರಾಟವಾಗದೆ ಉಳಿದ ಒಂದು ಲೇಔಟು. ಮಾಲೀಕರ ಒಪ್ಪಿಗೆ ಪಡೆದು, ಬೆಳಿಗ್ಗೆ ಹುಲ್ಲು ಕೊಯ್ಯಲು ಬರುವವರಿಗೂ ಹೇಳಿ, ಎರಡು ಕಡೆ ಕಲ್ಲಿಟ್ಟುಕೊಂಡೆವು.

ಮೊದಲು ಬ್ರೇಕು. ಡಾಕ್ಟ್ರ ಬಲಗೈ ಬೆರಳುಗಳು ಬ್ರೇಕ್ ಲಿವರಿನ ಮೇಲೆ ಹೋಗುವುದಕ್ಕೇ ಒಪ್ಪುತ್ತಿರಲಿಲ್ಲ. 20ರಿಂದ ಶುರು ಮಾಡಿ, ಎರಡು ಬೆರಳಲ್ಲಿ, ನೆನೆಹಾಕಿದ ಬಟ್ಟೆ ಹಿಂಡುವ ಹಾಗೆ, ಮೊದಲು ಮೆಲ್ಲಗೆ, ಮುಂದಿನ ಶಾಕ್ ಕುಗ್ಗಿ ಭಾರ ಬಂತು ಅಂತ ಗೊತ್ತಾದ ಮೇಲೆ ಗಟ್ಟಿಯಾಗಿ. ಹಾಗೆ 30, ಆಮೇಲೆ 40. ಎಬಿಎಸ್ ಕೆಲಸ ಮಾಡುವಾಗ ಲಿವರು ಬೆರಳಿಗೆ ಕಟಕಟ ಹೊಡೆಯುತ್ತದೆ. ಮೊದಲ ಸಲ ಅದು ಆದಾಗ ಡಾಕ್ಟ್ರು ಬೆಚ್ಚಿ ಬ್ರೇಕ್ ಬಿಟ್ಟುಬಿಟ್ಟರು. ಬಹಳ ಜನ ಬಿಡುತ್ತಾರೆ. ನಿಜವಾದ ರಸ್ತೆಯಲ್ಲಿ ಮೊದಲ ಸಲ ಆ ಅನುಭವವಾಗುವುದು ಎಂಥ ಕೆಟ್ಟ ಗಳಿಗೆ ಎಂದು ಯೋಚಿಸಿ. ಅದು ಹೊಡೆಯುತ್ತಿದ್ದರೂ ಹಿಡಿದೇ ಇರಬೇಕು ಎಂಬುದು ಬಾಯಲ್ಲಿ ಹೇಳಿದರೆ ಬರುವುದಿಲ್ಲ, ಕೈಗೆ ರೂಢಿಯಾಗಬೇಕು.

ಮುಂದಿನದು ಹ್ಯಾಂಡಲ್. ಎಡಕ್ಕೆ ಹೋಗಬೇಕಾದರೆ ಎಡಗೈಯಿಂದ ಹ್ಯಾಂಡಲನ್ನು ಮುಂದಕ್ಕೆ ಒತ್ತಬೇಕು ಅಂದೆ. ‘ಮುಂದಕ್ಕೆ ಒತ್ತಿದ್ರೆ ಬಲಕ್ಕೆ ತಿರುಗಲ್ವಾ?’ ಅಂದರು. ನಿಧಾನವಾಗಿ ಹೋಗುವಾಗ ಹೌದು. ಸ್ವಲ್ಪ ವೇಗ ಬಂದ ಮೇಲೆ ಎಡ ಹಿಡಿ ಒತ್ತಿದರೆ ಚಕ್ರ ಕ್ಷಣಕಾಲ ಬಲಕ್ಕೆ ಹೊರಳಿ, ಬೈಕು ಎಡಕ್ಕೆ ವಾಲಿ, ಎಡಕ್ಕೇ ಹೋಗುತ್ತದೆ. ಬೈಕ್ ಓಡಿಸುವ ಎಲ್ಲರೂ ತಿಳಿಯದೆಯೇ ಇದನ್ನು ಮಾಡುತ್ತಿರುತ್ತಾರೆ, ಗಾಬರಿಯಾದಾಗ ಮಾತ್ರ ತಲೆ ಅಡ್ಡ ಬಂದು ಉಲ್ಟಾ ಮಾಡಿಸುತ್ತದೆ. 40ರಲ್ಲಿ ಹೋಗುತ್ತಾ ಎಡ ಒತ್ತಿ, ಬಲ ಒತ್ತಿ, ಹಾವಿನ ಹಾದಿಯಲ್ಲಿ ಹೋಗಿ ಬಂದರು. ಎರಡನೆಯ ಸುತ್ತಿಗೇ ಮುಖದಲ್ಲಿ ನಗು. ಬಸ್ಸು ಕಂಡಾಗ ಎಡಗೈ ಒತ್ತಿ ಎಡಕ್ಕೆ ನೋಡಿದ್ದರೆ ಅವರ ಬೈಕು ತಿರುಗುತ್ತಿತ್ತೋ ಏನೋ. ಎರಡು ಸೆಕೆಂಡಿನಲ್ಲಿ ಎಂಬುದಕ್ಕೆ ನಾನು ಪಂಥ ಕಟ್ಟುವುದಿಲ್ಲ.

ಬಾಯಿ ಬಿಟ್ಟು ಓಡಿಸುವುದು

ನನ್ನ ಲೆಕ್ಕದಲ್ಲಿ ತರಬೇತಿಯ ಜೀವಾಳ ಇಲ್ಲಿದೆ. ಬ್ರಿಟನ್ನಿನ ಪೊಲೀಸ್ ಸವಾರರು ಬಹಳ ಹಿಂದಿನಿಂದ ಬಳಸುತ್ತಿರುವ ಪದ್ಧತಿ ಇದು. ಅಲ್ಲಿ 1956ರಲ್ಲಿ ಹುಟ್ಟಿದ, ಈಗ ಐಎಎಂ ರೋಡ್‌ಸ್ಮಾರ್ಟ್ ಎಂಬ ಹೆಸರಿನ ಸಂಸ್ಥೆ ಇದನ್ನು ಸಾಮಾನ್ಯ ಸವಾರರಿಗೂ ತಲುಪಿಸಿತು. ಪಳಗಿದ ಸ್ವಯಂಸೇವಕರು ಹಿಂದೆ ಬೈಕಿನಲ್ಲಿ ಬರುತ್ತಾ ಗಮನಿಸಿ, ಆಮೇಲೆ ನಿಲ್ಲಿಸಿ ಹೇಳಿಕೊಡುತ್ತಾರೆ. ಕ್ರಮ ಸರಳ. ಮೊದಲು ಮಾಹಿತಿ, ಆಮೇಲೆ ರಸ್ತೆಯಲ್ಲಿ ನಿಲುವು, ಆಮೇಲೆ ವೇಗ, ಅದಕ್ಕೆ ತಕ್ಕ ಗೇರು, ಕೊನೆಗೆ ಆಕ್ಸಿಲರೇಟರ್. ಇಡೀ ಹೊತ್ತು ಕಣ್ಣಿಗೆ ಕಂಡದ್ದನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಓಡಿಸಬೇಕು. ತಿರುವಿನಲ್ಲಿ ರಸ್ತೆಯ ಎಡಬಲ ಅಂಚುಗಳು ದೂರದಲ್ಲಿ ಒಂದಾಗಿ ಕಾಣುವ ಜಾಗವನ್ನು ಲಿಮಿಟ್ ಪಾಯಿಂಟ್ ಅನ್ನುತ್ತಾರೆ. ಆ ಜಾಗ ನಿಮ್ಮ ಹತ್ತಿರ ಹತ್ತಿರ ಬರುತ್ತಿದ್ದರೆ ವೇಗ ಹೆಚ್ಚಾಯಿತು, ಇಳಿಸಿ. ನಿಮ್ಮಷ್ಟೇ ವೇಗದಲ್ಲಿ ಮುಂದೆ ಸಾಗುತ್ತಿದ್ದರೆ ಸರಿಯಿದೆ. ದೂರ ಓಡತೊಡಗಿದರೆ ತಿರುವು ಬಿಚ್ಚಿಕೊಳ್ಳುತ್ತಿದೆ, ಆಕ್ಸಿಲರೇಟರ್ ಕೊಡಬಹುದು. ಬೈಕ್ ಸವಾರಿಯ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅತ್ಯಂತ ಉಪಯೋಗದ ಮಾತು ಇದೊಂದೇ.

ಹೆಲ್ಮೆಟ್ಟಿಗೆ ಬ್ಲೂಟೂತ್ ಹಾಕಿಕೊಂಡು ಸಕಲೇಶಪುರದ ಒಳರಸ್ತೆಗಳಿಗೆ ಹೋದೆವು. ಮೊದಮೊದಲು ಡಾಕ್ಟ್ರು ಸುಮ್ಮನೇ ಇದ್ದರು, ಒಬ್ಬರೇ ಮಾತಾಡಿಕೊಳ್ಳುವುದಕ್ಕೆ ನಾಚಿಕೆ. ಆಮೇಲೆ ಬಾಯಿ ಬಿಟ್ಟರು. ನಾನು ರೆಕಾರ್ಡ್ ಮಾಡಿಕೊಂಡದ್ದರಲ್ಲಿ ಒಂದು ತುಣುಕು ಹೀಗಿದೆ:

‘ಮುಂದೆ ಬಾಣದ ಬೋರ್ಡು, ಎಡಕ್ಕೆ. ದರೆ ಇದೆ, ಏನೂ ಕಾಣ್ತಿಲ್ಲ. ಎರಡನೇ ಗೇರು. ನೆರಳಿದೆ, ಒದ್ದೆ ಇರಬಹುದು. ಹಾರ್ನ್ ಹೊಡೆದೆ. ಅಂಚು ಹತ್ತಿರ ಬರ್ತಿದೆ, ಇನ್ನೂ ಹತ್ತಿರ ಬರ್ತಿದೆ, ಇನ್ನೂ ಇಳಿಸ್ತೀನಿ. ಸಗಣಿ ಬಿದ್ದಿದೆ, ಹಸಿ ಸಗಣಿ, ದನ ಇಲ್ಲೇ ಎಲ್ಲೋ ಇದಾವೆ. ಹಾಂ, ಇದಾವೆ. ಎರಡು ಮುಂದೆ ಹೋದ್ವು, ಕರು ಇನ್ನೂ ಆಚೆ ಇದೆ, ಅದು ತಾಯಿ ಹತ್ರ ಓಡುತ್ತೆ, ನಿಲ್ತೀನಿ.’

ಕರು ಓಡಿತು. ಸಗಣಿ ನೋಡಿ ದನ ಇದೆ ಎಂದು ನಾನು ಹೇಳುತ್ತಿದ್ದೆನೋ ಇಲ್ಲವೋ, ಕರು ಯಾವ ಕಡೆ ಓಡುತ್ತದೆ ಎಂಬುದಂತೂ ನನಗೆ ಹೊಳೆಯುತ್ತಿರಲಿಲ್ಲ. ಹಳ್ಳಿ ಸುತ್ತಿದ ಆ ಅನುಭವ ಎಲ್ಲಿಗೂ ಹೋಗಿರಲಿಲ್ಲ, ಕಣ್ಣು ರಸ್ತೆಯನ್ನು ಓದಲು ಶುರು ಮಾಡಿದ ಕೂಡಲೇ ಕೆಲಸಕ್ಕೆ ಬಂತು.

ಒಂದು ವಿಷಯದಲ್ಲಿ ಮಾತ್ರ ಬ್ರಿಟನ್ನಿನ ಪಾಠವನ್ನು ನಾನು ಹಾಗೇ ಕಲಿಸುವುದಿಲ್ಲ. ಅಲ್ಲೂ ನಮ್ಮ ಹಾಗೆ ರಸ್ತೆಯ ಎಡಕ್ಕೇ ಓಡಿಸುವುದರಿಂದ ಪಾಠವನ್ನು ತಿರುವುಮುರುವು ಮಾಡಿಕೊಳ್ಳುವ ಕಷ್ಟವಿಲ್ಲ. ಎಡತಿರುವಿಗೆ ಮುನ್ನ ನಡುಗೆರೆಯ ಹತ್ತಿರ ಇದ್ದರೆ ಹೆಚ್ಚು ದೂರ ಕಾಣುತ್ತದೆ ಎನ್ನುತ್ತಾರೆ, ಸರಿಯೇ. ಸುರಕ್ಷತೆಗೆ ಧಕ್ಕೆ ಬರುವ ಹಾಗಿದ್ದರೆ ಆ ಜಾಗ ಬಿಟ್ಟುಕೊಡಿ ಎಂದೂ ಅವರೇ ಹೇಳುತ್ತಾರೆ. ನಮ್ಮ ಘಾಟಿಗಳಲ್ಲಿ ಆ ಎರಡನೆಯ ಮಾತೇ ಮೊದಲನೆಯದಾಗಬೇಕು. ತಿರುವು ಕತ್ತರಿಸಿಕೊಂಡು ಬರುವ ಜೀಪು, ಒಳಕ್ಕೆ ಹೊರಳುವ ಬಸ್ಸಿನ ಹಿಂಭಾಗ, ತಿರುವಿನಲ್ಲೇ ಓವರ್‌ಟೇಕ್ ಮಾಡುವ ಕಾರು, ಇವೆಲ್ಲ ಬಂದು ಸೇರುವುದು ಆ ನಡುಗೆರೆಗೇ. ಹಾಗಾಗಿ ನಾನು ಹೇಳುವುದು ನಮ್ಮ ಅರ್ಧ ರಸ್ತೆಯ ನಡುಭಾಗ. ನೋಟ ಸ್ವಲ್ಪ ಕಡಿಮೆಯಾಗುತ್ತದೆ, ಅದಕ್ಕೆ ತಕ್ಕಂತೆ ವೇಗವೂ ಕಡಿಮೆ. ಇದನ್ನು ಒಪ್ಪದ ತರಬೇತುದಾರರು ಇದ್ದಾರೆ, ಅವರೊಡನೆ ವಾದ ಇನ್ನೂ ಮುಗಿದಿಲ್ಲ.

ಮುಂದಿನವರ ಟೈಲ್‌ಲೈಟು

ವಿಡಿಯೊದಲ್ಲಿ ಇನ್ನೊಂದು ಸಂಗತಿ ಇತ್ತು. ಕೊಟ್ಟಿಗೆಹಾರ ಬಿಟ್ಟಾಗಿನಿಂದ ಡಾಕ್ಟ್ರು ನೋಡುತ್ತಿದ್ದದ್ದು ರಸ್ತೆಯನ್ನಲ್ಲ, ಎರಡನೆಯ ಬೈಕಿನ ಟೈಲ್‌ಲೈಟನ್ನು. ಅದು ಹತ್ತಿರವಿದ್ದರೆ ನೆಮ್ಮದಿ, ದೂರ ಹೋದರೆ ಆಕ್ಸಿಲರೇಟರ್. ಆ ಎರಡನೆಯವರು ಮಂಗಳೂರಿಗೆ ತಿಂಗಳಿಗೊಂದು ಸಲ ಹೋಗಿ ಬರುವವರು, ಘಾಟಿ ಅವರಿಗೆ ಅಂಗೈಗೆರೆ. ಅವರ ವೇಗ ಅವರಿಗೆ ಸರಿ. ಅದನ್ನು ಇವರು ಎರವಲು ಪಡೆದರು. ಮುಂದಿನ ಬೈಕು ತಿರುವಿನಲ್ಲಿ ಮರೆಯಾದ ಕೂಡಲೇ, ಅದು ಹೋಯಿತಲ್ಲ, ದಾರಿ ಇದೆ ಎಂದು ಮನಸ್ಸು ಹೇಳುತ್ತದೆ. ಅದು ಹೋದಾಗ ಬಸ್ಸು ಇನ್ನೂ ಕೆಳಗಿತ್ತು.

ಈ ಮಾತು ಆ ಗೆಳೆಯರ ಮುಂದೆ ಬಂದಾಗ ಅವರಿಗೆ ಬೇಸರವಾಯಿತು. ‘ನಾನೇನು ನನ್ ಹಿಂದೆ ಓಡಿಸ್ಕೊಂಡು ಬಾ ಅಂದ್ನಾ?’ ಎಂದರು. ಅಂದಿರಲಿಲ್ಲ, ನಿಜ. ಆದರೆ ಗುಂಪಿನಲ್ಲಿ ಹೋಗುವಾಗ ಯಾರೂ ಹಾಗೆ ಬಾಯಿಬಿಟ್ಟು ಹೇಳುವುದಿಲ್ಲ, ಹಿಂದುಳಿದವರನ್ನು ಮುಂದಿನ ಟೀ ಅಂಗಡಿಯಲ್ಲಿ ರೇಗಿಸುತ್ತಾರೆ, ಅಷ್ಟೇ. ಈಗ ನಾಲ್ವರೂ ಒಂದು ಒಪ್ಪಂದಕ್ಕೆ ಬಂದಿದ್ದಾರೆ: ಘಾಟಿ ಶುರುವಾಗುವ ಮುನ್ನ, ಕೆಳಗೆ ಎಲ್ಲಿ ಸೇರುವುದು ಎಂದು ಗೊತ್ತುಮಾಡಿಕೊಳ್ಳುವುದು, ನಡುವೆ ಯಾರೂ ಯಾರಿಗೂ ಕಾಯುವುದಿಲ್ಲ, ಯಾರೂ ಯಾರನ್ನೂ ಹಿಂಬಾಲಿಸುವುದಿಲ್ಲ. ಚಾರ್ಮಾಡಿಯಲ್ಲಿ ಫೋನಿನ ಸಿಗ್ನಲ್ ನೆಚ್ಚುವ ಹಾಗಿಲ್ಲ, ಹಾಗಾಗಿ ಕೊನೆಯಲ್ಲಿ ಬರುವವರು ಮಾತ್ರ ಯಾರನ್ನೂ ದಾಟದೆ ಎಲ್ಲರ ಹಿಂದೆಯೇ ಬರಬೇಕು.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಡಾಕ್ಟ್ರಂಥ ಪ್ರಕರಣಗಳು, ಅಂದರೆ ಬಿದ್ದು ಎದ್ದು ಮನೆಗೆ ಬಂದವು, ಪೊಲೀಸ್ ಠಾಣೆಯವರೆಗೂ ಹೋಗುವುದು ಕಡಿಮೆ. ಇವರದ್ದೂ ಹೋಗಲಿಲ್ಲ. ಕಲಿಯಲು ಸಿಗುವುದು ಮಾತ್ರ ಇವುಗಳಿಂದಲೇ ಹೆಚ್ಚು, ಯಾಕೆಂದರೆ ಕೂತು ವಿಡಿಯೊ ನೋಡಲು ಸವಾರರೇ ಇರುತ್ತಾರೆ.

ಈಗ ಎಲ್ಲಿಗೆ ಬಂದಿದೆ

ಮುಂದಿನ ಬೇಸಿಗೆಯಲ್ಲಿ ಡಾಕ್ಟ್ರು ಮತ್ತೆ ಚಾರ್ಮಾಡಿ ಇಳಿದರು, ನಾನು ಹಿಂದಿದ್ದೆ. ಗೇರಿನಲ್ಲೇ ಇಳಿದರು. ಫಲಕದ ಹತ್ತಿರ ಬ್ರೇಕ್ ಲೈಟು ಹತ್ತಿತು, ತಿರುವಿನೊಳಗೆ ಹೋಗುವಷ್ಟರಲ್ಲಿ ಆರಿತ್ತು. ಅದೇ ಎಡತಿರುವಿನಲ್ಲಿ ಈ ಸಲ ಲಾರಿಯೊಂದು ನಡುಗೆರೆ ತುಳಿದುಕೊಂಡೇ ಬಂತು. ಡಾಕ್ಟ್ರು ಎಡಕ್ಕೆ ನೋಡಿ ಎಡಕ್ಕೆ ಹೋದರು. ಇಂಟರ್‌ಕಾಮಿನಲ್ಲಿ ‘ಬರ್ತಿದೆ ಅಂತ ಗೊತ್ತಿತ್ತು, ಹಾರ್ನ್ ಕೇಳಿಸಿತ್ತು’ ಅಂದರು.

ಉಳಿದಿರುವುದು ಬಲತಿರುವು. ಎಡಕ್ಕೆ ಕಂದಕವಿದ್ದಾಗ ಅವರಿಗೆ ಆ ಅಂಚಿನ ಭಯ, ನಡುಗೆರೆಯ ಕಡೆಗೆ ಸರಿದುಬಿಡುತ್ತಾರೆ. ಚಕ್ರ ತಮ್ಮ ಕಡೆಯೇ ಇರುತ್ತದೆ, ಆದರೆ ಬೈಕು ಬಲಕ್ಕೆ ವಾಲಿದಾಗ ತಲೆ, ಭುಜ ಗೆರೆಯ ಆಚೆಗೆ ಹೋಗಿರುತ್ತವೆ. ಎದುರಿನ ಬಸ್ಸು ಬರುವುದು ಅದೇ ಜಾಗದಲ್ಲಿ. ಹಿಂದಿನಿಂದ ಫೋಟೊ ತೆಗೆದು ತೋರಿಸಿದೆ, ನಂಬಲಿಲ್ಲ. ಇನ್ನೊಂದು ತಿರುವಿನದ್ದು ತೋರಿಸಿದ ಮೇಲೆ ನಂಬಿದರು. ಮುಂದಿನ ಸಲ ಲೇಔಟಿನ ಬಲತಿರುವಿನಲ್ಲಿ ನಡುಗೆರೆಯ ಮೇಲೆ ಕೋಲು ನೆಟ್ಟು, ತುದಿಗೆ ಬಟ್ಟೆ ಕಟ್ಟಿ, ಹೆಲ್ಮೆಟ್ಟಿಗೆ ಅದು ತಾಗದ ಹಾಗೆ ತಿರುಗಿಸುವ ಅಭ್ಯಾಸ ಮಾಡಿಸಬೇಕೆಂದಿದ್ದೇನೆ. ಹಿಂದಿನ ಬ್ರೇಕ್ ಪ್ಯಾಡ್ ಸವೆದಿರುವುದನ್ನೂ ಅಷ್ಟರಲ್ಲಿ ಬದಲಾಯಿಸಿಕೊಂಡು ಬರಲು ಹೇಳಿದ್ದೇನೆ.